ಚ್‌ಮಾಡ್ ಕೊಟ್ಟರೂ ಪರ್ಮಿಷನ್ ಯಾಕೆ ಬದಲಾಗುತ್ತಿಲ್ಲ?

ಪ್ರಶ್ನೆ: ವಿಂಡೋಸ್ 11 ಲ್ಯಾಪ್‌ಟಾಪಿನಲ್ಲಿ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಂಡು ಉಬುಂಟು ಬಳಸುತ್ತಿದ್ದೇನೆ. ಹಳೇ ಲಿನಕ್ಸ್ ಮೆಷಿನ್ನಿನಿಂದ ಪ್ರಾಜೆಕ್ಟ್ ಫೋಲ್ಡರನ್ನೂ ಎಸ್‌ಎಸ್‌ಎಚ್ ಕೀಯನ್ನೂ (ಸರ್ವರಿಗೆ ಲಾಗಿನ್ ಆಗುವ ಗುಟ್ಟಿನ ಫೈಲು) ಪೆನ್‌ಡ್ರೈವಿನಲ್ಲಿ ತಂದು ಡಿ ಡ್ರೈವಿಗೆ ಹಾಕಿದೆ. ಸರ್ವರಿಗೆ ಲಾಗಿನ್ ಆಗಲು ಹೋದರೆ ಕೀಯ ಪರ್ಮಿಷನ್ 0777, ತೀರಾ ಸಡಿಲ ಅನ್ನುತ್ತದೆ. ಪರ್ಮಿಷನ್ ಬದಲಿಸುವ ಚ್‌ಮಾಡ್ 600 ಕೊಟ್ಟೆ, ಅಡ್ಮಿನ್ ಬಲ ಕೊಡುವ ಸುಡೋ ಹಾಕಿಯೂ ಕೊಟ್ಟೆ. ಎರರ್ ಬರುವುದಿಲ್ಲ, ಬದಲಾಗುವುದೂ ಇಲ್ಲ. ಫೈಲುಗಳ ಬದಲಾವಣೆಯ ಲೆಕ್ಕವಿಡುವ ಗಿಟ್ ನೋಡಿದರೆ ಒಂದಕ್ಷರ ಮುಟ್ಟದ ಫೈಲುಗಳನ್ನೂ ಬದಲಾಗಿವೆ ಅನ್ನುತ್ತದೆ. ವಿಂಡೋಸ್ ಕಡೆಯಲ್ಲಿ ಹೊಸದಾಗಿ ಬರೆದ ಡಿಪ್ಲಾಯ್ ಸ್ಕ್ರಿಪ್ಟ್ ಓಡಿಸಿದರೆ 'ಅಂಥ ಫೈಲೇ ಇಲ್ಲ' ಅನ್ನುತ್ತದೆ, ಫೈಲು ಕಣ್ಣೆದುರಿಗೇ ಇದೆ! ಗೆಳೆಯರೊಬ್ಬರು ಎಲ್ಲಕ್ಕೂ 777 ಕೊಟ್ಟುಬಿಡು ಎಂದರು. ಕೊಡಲಾ? ಇನ್ನೊಂದು: ಕನ್ನಡದಲ್ಲಿ ಉದ್ದುದ್ದ ಹೆಸರಿಟ್ಟ ಕೆಲವು ಫೈಲುಗಳು ಉಬುಂಟು ಕಡೆಗೆ ಕಾಪಿ ಆಗುತ್ತಿಲ್ಲ. ಅದೂ ಪರ್ಮಿಷನ್ನಿನದೇ ತೊಂದರೆಯಾ?

ಉತ್ತರ: 777 ಕೊಡಬೇಡಿ. ನಿಮ್ಮ ಡಿ ಡ್ರೈವಿನಲ್ಲಿರುವುದೆಲ್ಲ ಈಗಾಗಲೇ 777 ಅಂತಲೇ ಕಾಣುತ್ತಿದೆ. ಎಸ್‌ಎಸ್‌ಎಚ್ ಬೈಯುತ್ತಿರುವುದೂ ಅದಕ್ಕೇ. ನಿಮ್ಮ ಗೆಳೆಯರದ್ದು ಉರಿಯೋ ಬೆಂಕಿಗೆ ತುಪ್ಪ ಸುರಿಯೋ ಸಲಹೆ.

ಇನ್ನು ಮುಂದೆ ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆಯುತ್ತೇನೆ. ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.

ನೀವು ಹೇಳಿದ ತೊಂದರೆಗಳಲ್ಲಿ ನಿಜವಾಗಿ ಪರ್ಮಿಷನ್ನಿಗೆ ಸೇರಿದ್ದು ಎರಡೇ. ಆದರೆ ಯಾವುದಕ್ಕೇ ಕೈ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಫೈಲಿನ ಪಹಣಿ ಯಾರ ಹೆಸರಲ್ಲಿದೆ? ಜಮೀನು ಉಳುವವರು ಯಾರೋ ಇರಬಹುದು. ಬೇಲಿ ಎಲ್ಲಿ ಹಾಕಬೇಕು ಅಂತ ಹೇಳುವ ಹಕ್ಕು ಪಹಣಿ ಇರುವವರದ್ದು, ಅಲ್ವಾ? ಡಿ ಡ್ರೈವಿನ ಪಹಣಿ ವಿಂಡೋಸ್ ಹೆಸರಲ್ಲಿದೆ. ಉಬುಂಟು ಅಲ್ಲಿ ಬರೇ ಗೇಣಿದಾರ. ನೀವು ಗೇಣಿದಾರನ ಕೈಲಿ ಬೇಲಿ ಹಾಕಿಸಲು ಹೊರಟಿದ್ದೀರಿ.

ಯುನಿಕ್ಸ್‌ನ ಲೆಕ್ಕ ತುಂಬಾ ಚಿಕ್ಕದು. ಫೈಲಿನ ಒಡೆಯ, ಒಡೆಯನ ಗುಂಪು, ಉಳಿದವರು ಅಂತ ಮೂರು ಜನ. ಓದಲು 4, ಬರೆಯಲು 2, ಓಡಿಸಲು 1. ಕೂಡಿಸಿ ಬರೆದರೆ ಮೂರು ಅಂಕಿ, ಮುಗೀತು. 600 ಅಂದರೆ ಒಡೆಯ ಮಾತ್ರ ಓದಬಹುದು, ಬರೆಯಬಹುದು. ವಿಂಡೋಸ್‌ನ ಕಥೆ ಬೇರೆ. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿ ಫೈಲಿಗೂ ಒಂದು ಪಟ್ಟಿ ಇರುತ್ತದೆ. ಯಾರಿಗೆ ಏನು ಮಾಡಲು ಬಿಡಬೇಕು, ಯಾರಿಗೆ ಬಿಡಬಾರದು ಅಂತ ಒಂದೊಂದೇ ಸಾಲು. ಮೇಲಿನ ಫೋಲ್ಡರಿಂದ ಬಳುವಳಿಯಾಗಿ ಬಂದ ಸಾಲುಗಳೂ ಅದರಲ್ಲೇ ಸೇರಿರುತ್ತವೆ. ಆ ಪಟ್ಟಿಯನ್ನು ಮೂರು ಅಂಕಿಗೆ ಇಳಿಸಲು ಆಗುವುದಿಲ್ಲ. ಹಾಗಾಗಿ ಡಬ್ಲ್ಯುಎಸ್‌ಎಲ್ ನಿಮ್ಮ ವಿಂಡೋಸ್ ಯೂಸರಿಗೆ ಆ ಫೈಲಿನ ಮೇಲೆ ಇರುವ ಹಕ್ಕನ್ನಷ್ಟೇ ನೋಡಿ, ಅದನ್ನೇ ಮೂವರಿಗೂ ತೋರಿಸಿ, ಒಡೆಯ ನೀವೇ ಅಂದುಬಿಡುತ್ತದೆ. ನಿಮಗೆ ಎಲ್ಲ ಹಕ್ಕೂ ಇರುವ ಫೈಲು 777 ಅಂತ ಕಾಣುವುದು ಹೀಗೆ. ನೀವು ಕೊಟ್ಟ ಚ್‌ಮಾಡ್ 600 ಅನ್ನು ಬರೆದಿಡಲು ಅಲ್ಲಿ ಜಾಗವೇ ಇಲ್ಲ. 'ಆಯ್ತು' ಅನ್ನುತ್ತದೆ, ಏನೂ ಮಾಡುವುದಿಲ್ಲ. ಬರೆಯುವ ಹಕ್ಕನ್ನು ಮೂವರಿಂದಲೂ ತೆಗೆದರೆ ಮಾತ್ರ ವಿಂಡೋಸ್‌ನ ರೀಡ್-ಓನ್ಲಿ ಟಿಕ್ ಬೀಳುತ್ತದೆ.

ಪಹಣಿ ನೋಡಲು ಒಂದು ಕಮಾಂಡ್ ಸಾಕು. ಫೋಲ್ಡರಿಗೆ ಹೋಗಿ 'ಫೈಂಡ್‌ಮೌಂಟ್ -ಟಿ .' ಅಂತ ಹೊಡೆಯಿರಿ. ಟಿ ಇಲ್ಲಿ ದೊಡ್ಡಕ್ಷರ, ಕೊನೆಯ ಚುಕ್ಕಿ ಬಿಡಬೇಡಿ. ಇಎಕ್ಸ್‌ಟಿ4 ಅಂತ ಬಂದರೆ ನೀವು ಲಿನಕ್ಸ್‌ನ ಸ್ವಂತ ಜಾಗದಲ್ಲಿದ್ದೀರಿ. 9ಪಿ ಅಂತ ಬಂದರೆ ವಿಂಡೋಸ್ ಜಾಗ. (9ಪಿ ಅನ್ನುವುದು ಪ್ಲಾನ್ 9 ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಪ್ರೋಟೋಕಾಲ್. ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನಲ್ಲೇ ಅದೂ ಹುಟ್ಟಿದ್ದು. ಅದೀಗ ವಿಂಡೋಸ್‌ಗೂ ಲಿನಕ್ಸ್‌ಗೂ ನಡುವೆ ಕೂತು ದುಭಾಷಿ ಕೆಲಸ ಮಾಡುತ್ತಿದೆ ಅಂದರೆ ನನಗೆ ಈಗಲೂ ನಗು ಬರುತ್ತದೆ.)

ಕೀಯಿಂದ ಶುರು ಮಾಡೋಣ. ಅದಕ್ಕೆ ಡಿ ಡ್ರೈವಿನಲ್ಲಿ ಕೆಲಸವಿಲ್ಲ. ನಿಮ್ಮ ಉಬುಂಟು ಹೋಮ್ ಫೋಲ್ಡರಿನಲ್ಲಿ ಡಾಟ್-ಎಸ್‌ಎಸ್‌ಎಚ್ ಅನ್ನುವ ಫೋಲ್ಡರ್ ಮಾಡಿ, ಕೀಯನ್ನು ಅಲ್ಲಿಗೆ ಕಾಪಿ ಮಾಡಿ. ಫೋಲ್ಡರಿಗೆ ಚ್‌ಮಾಡ್ 700, ಕೀಗೆ ಚ್‌ಮಾಡ್ 600 ಕೊಡಿ. ಈ ಸಲ ಎಲ್‌ಎಸ್ -ಎಲ್ ಹೊಡೆದರೆ ನಿಜವಾಗಿ ಬದಲಾಗಿರುತ್ತದೆ. ಆಮೇಲೆ ಡಿ ಡ್ರೈವಿನ ಪ್ರತಿಯನ್ನೂ ಪೆನ್‌ಡ್ರೈವಿನ ಪ್ರತಿಯನ್ನೂ ಅಳಿಸಿಬಿಡಿ. ವಿಂಡೋಸ್‌ನ ಪವರ್‌ಶೆಲ್‌ನಿಂದಲೂ ಅದೇ ಕೀ ಬೇಕು ಅಂದರೆ, ವಿಂಡೋಸ್ ಯೂಸರ್ ಫೋಲ್ಡರಿನಲ್ಲಿ ಬೇರೆ ಪ್ರತಿ ಇಟ್ಟುಕೊಳ್ಳಿ. ಅಲ್ಲಿನ ಓಪನ್‌ಎಸ್‌ಎಸ್‌ಎಚ್ ಕೂಡ ಇಷ್ಟೇ ಕಟ್ಟುನಿಟ್ಟು. ಆದರೆ ಅದು ನೋಡುವುದು ಮೂರು ಅಂಕಿಯನ್ನಲ್ಲ, ಪಟ್ಟಿಯನ್ನು. ಫೈಲಿನ ಸೆಕ್ಯುರಿಟಿ ಟ್ಯಾಬಿಗೆ ಹೋಗಿ ಬಳುವಳಿಯನ್ನು ನಿಲ್ಲಿಸಿ, ನಿಮ್ಮ ಹೆಸರೊಂದನ್ನು ಉಳಿಸಿ ಬೇರೆ ಬಳಕೆದಾರರ ಹೆಸರನ್ನೆಲ್ಲ ತೆಗೆಯಿರಿ. ಅಲ್ಲಿ ಚ್‌ಮಾಡ್ ನಡೆಯುವುದಿಲ್ಲ.

ಪ್ರಾಜೆಕ್ಟ್ ಫೋಲ್ಡರ್ ಸ್ವಲ್ಪ ತಾಳ್ಮೆ ಬೇಡುತ್ತದೆ. ಸೀದಾ ಸಿಪಿ -ಆರ್ ಹೊಡೆದು ಹೋಮಿಗೆ ತಂದರೆ ಸರಿಹೋಯ್ತು ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಹೋಗುವುದಿಲ್ಲ. ಕಾಪಿ ಮಾಡುವಾಗ ಆ ಸುಳ್ಳು 777 ಕೂಡ ಜೊತೆಗೇ ಬರುತ್ತದೆ. ಉಬುಂಟುವಿನ ಯುಮಾಸ್ಕ್ (ಹೊಸ ಫೈಲಿನಿಂದ ಕಿತ್ತುಹಾಕುವ ಹಕ್ಕುಗಳ ಅಂಕಿ) 22 ಆಗಿದ್ದರೆ ಅದರಲ್ಲಿ ಸ್ವಲ್ಪ ಕತ್ತರಿಸಿ 755 ಮಾಡುತ್ತದೆ. ಅಂದರೆ ನಿಮ್ಮ ರೀಡ್‌ಮಿ ಫೈಲು, ಪಿಎನ್‌ಜಿ ಚಿತ್ರ, ಎಲ್ಲವೂ 'ಓಡಿಸಬಹುದಾದ' ಫೈಲುಗಳು! ಈಗ ಗಿಟ್ ಯಾಕೆ ಗೊಂದಲಕ್ಕೆ ಬಿದ್ದಿದೆ ಅಂತ ಗೊತ್ತಾಯಿತಲ್ಲ. ಗಿಟ್ ಪರ್ಮಿಷನ್ನಿನಲ್ಲಿ ನೆನಪಿಡುವುದು ಒಂದೇ ಸಂಗತಿ, ಫೈಲು ಓಡಿಸುವಂಥದ್ದೋ ಅಲ್ಲವೋ ಅಂತ. ಸಾಮಾನ್ಯ ಫೈಲಿಗೆ 100644, ಓಡಿಸುವಂಥದ್ದಕ್ಕೆ 100755. ನಿಮ್ಮ ಹಳೇ ಲಿನಕ್ಸ್‌ನಲ್ಲಿ 644 ಇದ್ದದ್ದು ಪೆನ್‌ಡ್ರೈವಿಗೆ ಹೋದ ಕ್ಷಣವೇ ಕಳೆದುಹೋಯಿತು. ಎಕ್ಸ್‌ಫ್ಯಾಟ್ ಆಗಲಿ ಫ್ಯಾಟ್32 ಆಗಲಿ, ಅವುಗಳಲ್ಲಿ ಯುನಿಕ್ಸ್ ಪರ್ಮಿಷನ್ ಅನ್ನುವುದೇ ಇಲ್ಲ.

ಇದೇ ಕಾರಣವಾ ಅಂತ ಖಚಿತ ಮಾಡಿಕೊಳ್ಳಲು ಗಿಟ್ ಡಿಫ್ ಹೊಡೆದು ಒಂದು ಫೈಲು ನೋಡಿ. 'ಓಲ್ಡ್ ಮೋಡ್ 100644, ನ್ಯೂ ಮೋಡ್ 100755' ಅಂತ ಎರಡು ಸಾಲು ಬಂದು, ಒಳಗೆ ಏನೂ ಬದಲಾವಣೆ ಇಲ್ಲದಿದ್ದರೆ ಇದೇ. ಇಡೀ ಫೈಲು ಕೆಂಪಾಗಿ ಹೋಗಿ, ಅದೇ ಸಾಲುಗಳು ಮತ್ತೆ ಹಸಿರಾಗಿ ಬಂದಿದ್ದರೆ ರೋಗ ಬೇರೆ. ಅದು ಸಾಲಿನ ಕೊನೆಯ ಗುರುತಿನ ಗಲಾಟೆ, ಅದಕ್ಕೆ ಆಮೇಲೆ ಬರುತ್ತೇನೆ. ಎರಡೂ 'ಮಾಡಿಫೈಡ್' ಅಂತಲೇ ಕಾಣುತ್ತವೆ, ಹಾಗಾಗಿ ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚಿ ಒದ್ದಾಡುವವರನ್ನು ಬೇಕಾದಷ್ಟು ನೋಡಿದ್ದೇನೆ.

ನಾನಾದರೆ ಹೀಗೆ ಮಾಡುತ್ತೇನೆ. ಮೊದಲು ಡಿ ಡ್ರೈವಿನ ಪ್ರಾಜೆಕ್ಟಿನೊಳಗೆ ಹೋಗಿ 'ಗಿಟ್ ಕಾನ್ಫಿಗ್ ಕೋರ್.ಫೈಲ್‌ಮೋಡ್ ಫಾಲ್ಸ್' ಕೊಡುವುದು. ಗ್ಲೋಬಲ್ ಅಂತ ಸೇರಿಸಬೇಡಿ, ಕೆಲಸಕ್ಕೆ ಬರುವುದಿಲ್ಲ. ಕ್ಲೋನ್ ಮಾಡುವಾಗಲೇ ಗಿಟ್ ಆ ಪ್ರಾಜೆಕ್ಟಿಗೆ ಅಂತ ಒಂದು ಬೆಲೆ ಬರೆದಿಟ್ಟಿರುತ್ತದೆ, ಗ್ಲೋಬಲ್ ಮಾತು ಅದರೆದುರು ನಡೆಯುವುದಿಲ್ಲ. ಇದಾದ ಮೇಲೆ ಸುಳ್ಳು ಬದಲಾವಣೆಗಳು ಮಾಯವಾಗಿ, ನೀವು ನಿಜವಾಗಿ ಬದಲಿಸಿದ್ದು ಮಾತ್ರ ಉಳಿಯುತ್ತದೆ. ಅದನ್ನು ಕಮಿಟ್ ಮಾಡಿ. ಆಮೇಲೆ ಹೋಮ್ ಫೋಲ್ಡರಿಗೆ ಬಂದು, ಡಿ ಡ್ರೈವಿನ ಆ ಫೋಲ್ಡರನ್ನೇ ವಿಳಾಸವಾಗಿ ಕೊಟ್ಟು ಗಿಟ್ ಕ್ಲೋನ್ ಮಾಡಿ: 'ಗಿಟ್ ಕ್ಲೋನ್ /ಎಂಎನ್‌ಟಿ/ಡಿ/ಪ್ರಾಜೆಕ್ಟ್'. ಇಂಟರ್ನೆಟ್ ಕೂಡ ಬೇಡ. ಗಿಟ್ ತನ್ನ ನೆನಪಿನಿಂದ ಪ್ರತಿ ಫೈಲನ್ನೂ ಸರಿಯಾದ ಪರ್ಮಿಷನ್ನಿನೊಂದಿಗೆ ಹೊಸದಾಗಿ ಬರೆಯುತ್ತದೆ. ಒಂದು ಮರೆಯಬೇಡಿ. ಹೊಸ ಪ್ರತಿಯ ಒರಿಜಿನ್ ಈಗ ಡಿ ಡ್ರೈವನ್ನು ತೋರಿಸುತ್ತಿರುತ್ತದೆ. 'ಗಿಟ್ ರಿಮೋಟ್ ಸೆಟ್-ಯುಆರ್‌ಎಲ್' ಹೊಡೆದು ಅಸಲಿ ಸರ್ವರಿನ ವಿಳಾಸ ಕೊಡಿ.

ಹೋಮಿಗೆ ಬಂದರೆ ಇನ್ನೊಂದು ಲಾಭ, ವೇಗ. ಸಾವಿರಾರು ಚಿಕ್ಕ ಫೈಲಿರುವ ಪ್ರಾಜೆಕ್ಟಿನಲ್ಲಿ ಆ ದುಭಾಷಿ ಮೂಲಕ ಹೋಗಿಬರುವುದೇ ದೊಡ್ಡ ತಡ.

ಇಲ್ಲ, ಫೈಲುಗಳು ಡಿ ಡ್ರೈವಿನಲ್ಲೇ ಇರಬೇಕು, ವಿಂಡೋಸ್‌ನ ಸಾಫ್ಟ್‌ವೇರ್ ಒಂದು ಅವನ್ನೇ ಬಳಸುತ್ತದೆ ಅನ್ನುವಿರಾದರೆ ದಾರಿ ಇದೆ. ಉಬುಂಟುವಿನ /ಇಟಿಸಿ ಫೋಲ್ಡರಿನಲ್ಲಿ ಡಬ್ಲ್ಯುಎಸ್‌ಎಲ್.ಕಾನ್ಫ್ ಅನ್ನುವ ಫೈಲಿನಲ್ಲಿ ಈ ಎರಡು ಸಾಲು ಹಾಕಿ:

[ಆಟೋಮೌಂಟ್]
ಆಪ್ಷನ್ಸ್ = "ಮೆಟಾಡೇಟಾ,ಯುಮಾಸ್ಕ್=22,ಎಫ್‌ಮಾಸ್ಕ್=11"

ಆಮೇಲೆ ಪವರ್‌ಶೆಲ್‌ನಿಂದ 'ಡಬ್ಲ್ಯುಎಸ್‌ಎಲ್ --ಶಟ್‌ಡೌನ್' ಕೊಟ್ಟು ಮತ್ತೆ ಉಬುಂಟು ತೆರೆಯಿರಿ. ಬರೇ ಕಿಟಕಿ ಮುಚ್ಚಿ ತೆರೆದರೆ ಸಾಲದು. ಈಗ ಮೆಟಾಡೇಟಾ ಅನ್ನುವ ಪದದ ಬಲದಿಂದ ನಿಮ್ಮ ಯುನಿಕ್ಸ್ ಅಂಕಿಗಳು ಎನ್‌ಟಿಎಫ್‌ಎಸ್ ಫೈಲಿನ ಜೊತೆಗೇ ಒಂದು ಚೀಟಿಯಾಗಿ ಅಂಟಿಕೊಳ್ಳುತ್ತವೆ. ವಿಂಡೋಸ್ ಆ ಚೀಟಿಯನ್ನು ಓದುವುದಿಲ್ಲ, ಉಬುಂಟು ಓದುತ್ತದೆ. ಚ್‌ಮಾಡ್ ಕೆಲಸ ಮಾಡಲು ಶುರು ಮಾಡುತ್ತದೆ.

ಎಫ್‌ಮಾಸ್ಕ್ 11 ಯಾಕೆ, 111 ಯಾಕಲ್ಲ? ಮಾಸ್ಕ್ ಅಂದರೆ 777ರಿಂದ ಕಿತ್ತುಹಾಕಬೇಕಾದ ಹಕ್ಕುಗಳು. 22 ಮತ್ತು 11 ಸೇರಿ ಕಿತ್ತ ಮೇಲೆ ಫೈಲಿಗೆ 744 ಉಳಿಯುತ್ತದೆ. ಒಡೆಯನಿಗೆ ಓಡಿಸುವ ಹಕ್ಕು ಹಾಗೇ ಇರುತ್ತದೆ. 111 ಕೊಟ್ಟರೆ 644 ಆಗುತ್ತದೆ, ನೋಡಲು ಚೆಂದ. ಆದರೆ ಉಬುಂಟುವಿನಿಂದ ನೋಟ್‌ಪ್ಯಾಡ್ ಅಥವಾ ಎಕ್ಸ್‌ಪ್ಲೋರರ್ ತೆರೆಯಲು ಹೋದರೆ ಪರ್ಮಿಷನ್ ಡಿನೈಡ್! ವಿಂಡೋಸ್‌ನ ಇಎಕ್ಸ್‌ಇ ಫೈಲುಗಳೂ ಅದೇ ಮಾಸ್ಕಿನಡಿ ಬರುತ್ತವಲ್ಲ. ಹಾಗಂತ 744 ಇದ್ದರೆ ಗಿಟ್ ಮತ್ತೆ 100755 ಅಂತಲೇ ಓದುತ್ತದೆ, ಆ ಫೈಲ್‌ಮೋಡ್ ಫಾಲ್ಸ್ ಅಲ್ಲಿ ಇರಲೇಬೇಕು. ಇನ್ನೊಂದು ಕಿರಿಕಿರಿ: ವಿಂಡೋಸ್‌ನ ಕೆಲವು ಎಡಿಟರುಗಳು ಸೇವ್ ಮಾಡುವಾಗ ಹೊಸ ಫೈಲು ಬರೆದು ಹಳೆಯದರ ಹೆಸರಿಡುತ್ತವೆ. ಹಳೇ ಫೈಲಿನ ಜೊತೆ ಚೀಟಿಯೂ ಹೋಗುತ್ತದೆ. ನಿನ್ನೆ ಸರಿಯಿದ್ದ ಪರ್ಮಿಷನ್ ಇವತ್ತು ತಾನಾಗೇ ಬದಲಾಗಿದ್ದರೆ ಎಡಿಟರಿನ ಮೇಲೆ ಅನುಮಾನ ಪಡಿ.

ಸುಡೋ ಯಾಕೆ ಕೈಕೊಟ್ಟಿತು ಅನ್ನುವುದಕ್ಕೂ ಪಹಣಿಯೇ ಉತ್ತರ. ಸುಡೋ ನಿಮ್ಮನ್ನು ಉಬುಂಟುವಿನ ರಾಜನನ್ನಾಗಿ ಮಾಡುತ್ತದೆ, ವಿಂಡೋಸ್‌ನ ರಾಜನನ್ನಾಗಿ ಅಲ್ಲ. /ಎಂಎನ್‌ಟಿ/ಸಿ ಒಳಗೆ ನೀವು ಏನೇ ಮಾಡಿದರೂ ವಿಂಡೋಸ್ ನೋಡುವುದು ನೀವು ಯಾವ ವಿಂಡೋಸ್ ಯೂಸರ್ ಆಗಿ ಟರ್ಮಿನಲ್ ತೆರೆದಿರಿ ಅನ್ನುವುದನ್ನು. ಪ್ರೋಗ್ರಾಮ್ ಫೈಲ್ಸ್ ಒಳಗೆ ರೂಟ್ (ಲಿನಕ್ಸ್‌ನ ಆ ರಾಜನ ಹೆಸರು) ಆಗಿ ಬರೆಯಲು ಹೋದರೂ ಅದೇ ಡಿನೈಡ್. ಕೆಲವೊಮ್ಮೆ ಅದು ಪರ್ಮಿಷನ್ನಿನ ಮಾತೇ ಆಗಿರುವುದಿಲ್ಲ. ವಿಂಡೋಸ್‌ನಲ್ಲಿ ಯಾವುದೋ ಪ್ರೋಗ್ರಾಮು ಆ ಫೈಲನ್ನು ಹಿಡಿದುಕೊಂಡು ಕೂತಿದ್ದರೆ, ಲಿನಕ್ಸ್ ಕಡೆಗೆ ಆ ಸುದ್ದಿ ಪರ್ಮಿಷನ್ ಡಿನೈಡ್ ಅಂತಲೇ ತಲುಪಬಹುದು. ವಿಎಸ್ ಕೋಡಿನಲ್ಲಿ ತೆರೆದಿಟ್ಟ ಫೋಲ್ಡರಿನ ಹೆಸರನ್ನು ಟರ್ಮಿನಲ್ಲಿನಿಂದ ಬದಲಿಸಲು ಹೋದಾಗ ಇದು ಆಗಾಗ ಎದುರಾಗುತ್ತದೆ. ಯಾರು ಹಿಡಿದಿದ್ದಾರೆ ಅಂತ ತಿಳಿಯಲು ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್‌ನಲ್ಲಿ ಫೈಲ್ ಲಾಕ್‌ಸ್ಮಿತ್ ಅನ್ನುವುದಿದೆ, ರೈಟ್ ಕ್ಲಿಕ್ ಮಾಡಿದರೆ ಹೇಳುತ್ತದೆ.

ತಿರುಗಿಸಿ ನೋಡಿದರೂ ಇದೇ ನ್ಯಾಯ. ಎಕ್ಸ್‌ಪ್ಲೋರರಿನಲ್ಲಿ \\ಡಬ್ಲ್ಯುಎಸ್‌ಎಲ್.ಲೋಕಲ್‌ಹೋಸ್ಟ್ ಮೂಲಕ ಉಬುಂಟು ಒಳಗೆ ಹೋದರೆ, ಅಲ್ಲಿ ನೀವು ಉಬುಂಟುವಿನ ಸಾಮಾನ್ಯ ಯೂಸರ್, ಅಷ್ಟೇ. ವಿಂಡೋಸ್‌ನಲ್ಲಿ ಅಡ್ಮಿನ್ ಆಗಿದ್ದರೂ ಅಲ್ಲಿ ಅದಕ್ಕೆ ಬೆಲೆಯಿಲ್ಲ. ಸುಡೋ ಹಾಕಿ ಮಾಡಿದ ಫೋಲ್ಡರು, ಡಾಕರ್ ಕಂಟೇನರ್ ರೂಟ್ ಆಗಿ ಬರೆದ ಫೈಲು, ಇವು ಎಕ್ಸ್‌ಪ್ಲೋರರಿನಿಂದ ಸೇವ್ ಆಗುವುದಿಲ್ಲ. ಉಬುಂಟು ಟರ್ಮಿನಲ್ಲಿನಲ್ಲಿ ಚೌನ್ ಕೊಟ್ಟು ಒಡೆತನ ನಿಮ್ಮ ಹೆಸರಿಗೆ ಮಾಡಿಕೊಳ್ಳಿ.

ಈಗ ಆ ಸ್ಕ್ರಿಪ್ಟ್. ಇದು ಪರ್ಮಿಷನ್ ಅಲ್ಲವೇ ಅಲ್ಲ. ವಿಂಡೋಸ್ ಒಂದು ಸಾಲು ಮುಗಿದಾಗ ಎರಡು ಗುರುತು ಹಾಕುತ್ತದೆ, ಯುನಿಕ್ಸ್ ಒಂದೇ ಹಾಕುತ್ತದೆ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬ್ಯಾಷ್ (ಸ್ಕ್ರಿಪ್ಟನ್ನು ಓದಿ ನಡೆಸುವ ಪ್ರೋಗ್ರಾಮು) ಅಂತ ಬರೆದದ್ದರ ಹಿಂದೆ ಕಣ್ಣಿಗೆ ಕಾಣದ ಒಂದು ಅಕ್ಷರ ಅಂಟಿಕೊಂಡಿದೆ. ಲಿನಕ್ಸ್ 'ಬ್ಯಾಷ್' ಹುಡುಕುತ್ತಿಲ್ಲ, 'ಬ್ಯಾಷ್ ಮತ್ತು ಬಾಲ' ಅನ್ನುವ ಹೆಸರಿನ ಪ್ರೋಗ್ರಾಮನ್ನು ಹುಡುಕುತ್ತಿದೆ. ಅಂಥದ್ದು ಇಲ್ಲ ಅಂತ ಹೇಳುತ್ತಿರುವುದು ನಿಮ್ಮ ಸ್ಕ್ರಿಪ್ಟಿನ ಬಗ್ಗೆ ಅಲ್ಲ, ಆ ಬ್ಯಾಷ್ ಬಗ್ಗೆ! 'ಕ್ಯಾಟ್ -ಎ' (ಎ ದೊಡ್ಡಕ್ಷರ) ಹೊಡೆದು ಫೈಲು ನೋಡಿ. ಸಾಲಿನ ಕೊನೆಗೆ ಡಾಲರ್ ಚಿಹ್ನೆಗೆ ಮುಂಚೆ ಟೋಪಿ ಗುರುತಿನ ಜೊತೆ ಎಂ ಅಕ್ಷರ ಕಂಡರೆ ಬಾಲ ಸಿಕ್ಕಿತು. 'ಡಾಸ್2ಯುನಿಕ್ಸ್' ಅನ್ನುವ ಚಿಕ್ಕ ಪ್ರೋಗ್ರಾಮು ಕತ್ತರಿಸುತ್ತದೆ. ಮತ್ತೆ ಬೆಳೆಯದಿರಲು ಪ್ರಾಜೆಕ್ಟಿನ ಡಾಟ್-ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ '*.ಎಸ್‌ಎಚ್ ಟೆಕ್ಸ್ಟ್ ಇಒಎಲ್=ಎಲ್‌ಎಫ್' ಅಂತ ಒಂದು ಸಾಲು ಹಾಕಿ. ಗಿಟ್ ಡಿಫ್‌ನಲ್ಲಿ ಇಡೀ ಫೈಲು ಕೆಂಪು-ಹಸಿರು ಆಗುತ್ತದೆ ಅಂದೆನಲ್ಲ, ಅದೂ ಈ ಬಾಲದ್ದೇ ಕೆಲಸ.

ವಿಂಡೋಸ್ ಪಾಥನ್ನು ಹಾಗೇ ಉಬುಂಟುವಿನಲ್ಲಿ ಅಂಟಿಸುವ ಅಭ್ಯಾಸ ಇದ್ದರೆ ಬಿಡಿ. ಬ್ಯಾಷ್‌ಗೆ ಹಿಂದಕ್ಕೆ ವಾಲಿದ ಗೆರೆ ಅಂದರೆ 'ಮುಂದಿನ ಅಕ್ಷರವನ್ನು ವಿಶೇಷ ಅಂತ ನೋಡಬೇಡ' ಅನ್ನುವ ಸೂಚನೆ. ಅದನ್ನು ನುಂಗಿಬಿಡುತ್ತದೆ. ನೀವು ಡಿ:\ವರ್ಕ್\ಲಿಸ್ಟ್ ಅನ್ನುವ ಕಡೆಗೆ ಕಾಪಿ ಮಾಡಿದೆ ಅಂದುಕೊಳ್ಳುತ್ತೀರಿ. ಹೋಮಿನಲ್ಲಿ 'ಡಿ:ವರ್ಕ್‌ಲಿಸ್ಟ್' ಅನ್ನುವ ವಿಚಿತ್ರ ಹೆಸರಿನ ಫೈಲೊಂದು ಹುಟ್ಟಿರುತ್ತದೆ. ಎರರ್ ಇಲ್ಲ, ಫೈಲೂ ಸಿಗುವುದಿಲ್ಲ. ಪಾಥನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಹಾಕಿ 'ಡಬ್ಲ್ಯುಎಸ್‌ಎಲ್‌ಪಾಥ್' ಕಮಾಂಡಿಗೆ ಕೊಟ್ಟರೆ ಲಿನಕ್ಸ್ ರೂಪಕ್ಕೆ ತಿರುಗಿಸಿಕೊಡುತ್ತದೆ. ಮೈನಸ್ ಡಬ್ಲ್ಯು ಸೇರಿಸಿದರೆ ಉಲ್ಟಾ.

ಗಿಟ್ ಬ್ಯಾಷ್ (ವಿಂಡೋಸ್‌ನ ಗಿಟ್ ಜೊತೆ ಬರುವ ಟರ್ಮಿನಲ್) ಬಳಸುವವರಿಗೆ ಇದರ ತದ್ವಿರುದ್ಧ ಕಾಟ. ಅಲ್ಲಿ ಓರೆಗೆರೆಯಿಂದ ಶುರುವಾಗುವ ಏನೇ ಕಂಡರೂ ಪಾಥ್ ಅಂದುಕೊಂಡು ವಿಂಡೋಸ್ ಪಾಥಾಗಿ ಬದಲಿಸಿ ಮುಂದಿನ ಪ್ರೋಗ್ರಾಮಿಗೆ ಕೊಡುತ್ತದೆ. ಇದರಿಂದ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಡಬ್ಲ್ಯುಎಸ್‌ಎಲ್ ಇಲ್ಲದ ಕಾಲ. ಒಂದು ಆಫೀಸಿನ ಶೇರ್ಡ್ ಫೋಲ್ಡರಿಗೆ ಸಿಗ್ವಿನ್‌ನಿಂದ (ಯುನಿಕ್ಸ್ ಕಮಾಂಡುಗಳನ್ನು ವಿಂಡೋಸ್‌ನಲ್ಲಿ ಓಡಿಸುವ ಹಳೇ ಸಾಧನ) ಫೈಲು ನಕಲಿಸುವ ಆರ್‌ಸಿಂಕ್ ಹೊಡೆದೆ. ಸಿಗ್ವಿನ್ ಡಬ್ಲ್ಯುಎಸ್‌ಎಲ್ ಥರ ಸುಮ್ಮನಿರುವ ಜಾತಿಯಲ್ಲ, ಯುನಿಕ್ಸ್ ಅಂಕಿಗಳನ್ನು ವಿಂಡೋಸ್ ಪಟ್ಟಿಯಾಗಿ ನಿಜಕ್ಕೂ ಬರೆಯುತ್ತದೆ. ಮರುದಿನ ಅಕೌಂಟ್ಸ್‌ನವರು ಫೈಲು ತೆರೆಯಲು ಆಗುತ್ತಿಲ್ಲ ಅಂತ ಬಂದು ನಿಂತರು. ಸೆಕ್ಯುರಿಟಿ ಟ್ಯಾಬ್ ತೆರೆದರೆ, ಪರ್ಮಿಷನ್‌ಗಳ ಕ್ರಮ ತಪ್ಪಾಗಿದೆ ಅನ್ನುವ ಎಚ್ಚರಿಕೆ. ಮದ್ದು ಗೊತ್ತಿತ್ತು: 'ಐಕ್ಯಾಕಲ್ಸ್' ಕಮಾಂಡಿಗೆ ಫೋಲ್ಡರಿನ ಹೆಸರು, /ರೀಸೆಟ್, /ಟಿ. ಆದರೆ ಅವಸರದಲ್ಲಿ ಅದನ್ನು ಗಿಟ್ ಬ್ಯಾಷ್‌ನಲ್ಲಿ ಹೊಡೆದೆ. ಅದು /ರೀಸೆಟ್ ಅನ್ನು ಸಿ ಡ್ರೈವಿನ ಗಿಟ್ ಫೋಲ್ಡರೊಳಗಿನ ರೀಸೆಟ್ ಅನ್ನುವ ಫೈಲು ಅಂತ ತಿರುಗಿಸಿ ಕೊಟ್ಟಿತು! ಅರ್ಧ ಗಂಟೆ ಎರರ್ ನೋಡುತ್ತಾ ಕೂತಿದ್ದೆ. ಸಾಮಾನ್ಯ ಕಮಾಂಡ್ ಪ್ರಾಂಪ್ಟಿನಲ್ಲಿ ಅದೇ ಸಾಲು ಒಂದೇ ಏಟಿಗೆ ಓಡಿತು.

777 ವಿಷಯಕ್ಕೆ ಇಷ್ಟು ಸೇರಿಸುತ್ತೇನೆ, ಯಾಕೆಂದರೆ ಆ ಸಲಹೆ ನಿಮಗೆ ಮತ್ತೆ ಸಿಗುತ್ತದೆ. ಹೋಮಿನೊಳಗೆ ಎಲ್ಲಕ್ಕೂ ಕೊಟ್ಟರೆ ಈಗಷ್ಟೇ ಸರಿಮಾಡಿದ ಕೀ ಮತ್ತೆ ಕೆಡುತ್ತದೆ. ತಪ್ಪಿ ಬೇರಿನಿಂದಲೇ, ಅಂದರೆ ಬರೇ / ಮೇಲೆ ಕೊಟ್ಟರೆ ಸುಡೋ ಕೂಡ ಸಾಯುತ್ತದೆ. ಸುಡೋ ಪ್ರೋಗ್ರಾಮಿಗೆ 4755 ಇರಬೇಕು, ಆ ಮುಂದಿನ 4 (ಇದು ಓದುವ 4 ಅಲ್ಲ, ಪ್ರೋಗ್ರಾಮನ್ನು ಅದರ ಒಡೆಯನ ಅಧಿಕಾರದಲ್ಲಿ ಓಡಿಸುವ ಗುರುತು) ಹೋದರೆ ಅದು ಓಡಲು ಒಪ್ಪುವುದಿಲ್ಲ. ಹಾಗೇನಾದರೂ ಆಗಿದ್ದರೆ ಪವರ್‌ಶೆಲ್‌ನಿಂದ 'ಡಬ್ಲ್ಯುಎಸ್‌ಎಲ್ -ಯು ರೂಟ್' ಹೊಡೆಯಿರಿ, ಪಾಸ್‌ವರ್ಡ್ ಕೇಳದೆ ಒಳಗೆ ಬಿಡುತ್ತದೆ. /ಯುಎಸ್‌ಆರ್/ಬಿನ್/ಸುಡೋಗೆ ಚ್‌ಮಾಡ್ 4755, /ಇಟಿಸಿ/ಸುಡೋಯರ್ಸ್‌ಗೆ 440 ಕೊಟ್ಟರೆ ಸುಡೋಗೆ ಜೀವ ಬರುತ್ತದೆ. ಬೇಕಾದ ಫೈಲುಗಳನ್ನು ತೆಗೆದುಕೊಂಡು ಉಬುಂಟುವನ್ನೇ ಹೊಸದಾಗಿ ಹಾಕಿಕೊಳ್ಳುವುದು ವಾಸಿ.

ಉಳಿದದ್ದು ಕನ್ನಡ ಹೆಸರಿನ ಫೈಲುಗಳು. ಕಾಪಿ ಆಗದವುಗಳ ಎರರಿನಲ್ಲಿ 'ಫೈಲ್ ನೇಮ್ ಟೂ ಲಾಂಗ್' ಅಂತ ಇದೆಯಾ ನೋಡಿ. ಇದ್ದೇ ಇರುತ್ತದೆ ಅಂತ ನನ್ನ ಊಹೆ. ವಿಂಡೋಸ್ ಹೆಸರಿಗೆ 255 ಅಕ್ಷರ ಬಿಡುತ್ತದೆ. ಲಿನಕ್ಸ್ ಬಿಡುವುದು 255 ಬೈಟ್. ಇಂಗ್ಲಿಷಿಗೆ ಎರಡೂ ಒಂದೇ. ಕನ್ನಡದಲ್ಲಿ ಯುಟಿಎಫ್-8 ಲೆಕ್ಕಕ್ಕೆ ಒಂದೊಂದು ಚಿಹ್ನೆಗೂ 3 ಬೈಟ್, ಗುಣಿತವೂ ಒತ್ತೂ ಬೇರೆ ಬೇರೆ ಎಣಿಕೆ. 'ಕ್ಷೇತ್ರ' ಅನ್ನುವುದು ನಮ್ಮ ಕಣ್ಣಿಗೆ ಎರಡಕ್ಷರ. ಕಂಪ್ಯೂಟರಿಗೆ 7 ಚಿಹ್ನೆ, 21 ಬೈಟ್. ಹಾಗಾಗಿ 85 ಚಿಹ್ನೆ ದಾಟಿದ ಕನ್ನಡ ಹೆಸರು ವಿಂಡೋಸ್‌ನಲ್ಲಿ ಹಾಯಾಗಿರುತ್ತದೆ, ಇಎಕ್ಸ್‌ಟಿ4ಗೆ ಬಂದರೆ ಬಾಗಿಲಲ್ಲೇ ನಿಲ್ಲುತ್ತದೆ. ಡಿ ಡ್ರೈವಿನಲ್ಲೇ ಹೆಸರು ಚಿಕ್ಕದು ಮಾಡಿ, ಆಮೇಲೆ ಕಾಪಿ ಮಾಡಿ. ಫೈಲಿನ ಕೊನೆಯ ಚುಕ್ಕಿ ಮತ್ತು ಪಿಡಿಎಫ್ ಅನ್ನುವ 4 ಬೈಟನ್ನೂ ಲೆಕ್ಕಕ್ಕೆ ಹಿಡಿಯಿರಿ.